ಯಂತ್ರದಕ್ಕನ ಗಂಟಲು

"ಭಯಪಡಬೇಡಿ. ಎಲ್ಲವೂ ಸರಿಯಾಗಿದೆ."

ಐದನೆಯ ಸಲವೂ ಕೊನೆಯ ಪದಕ್ಕೆ ಬರುವಷ್ಟರಲ್ಲಿ ದನಿ ಹಳೇ ಬಟ್ಟೆಯ ಹಾಗೆ ಪರ್ ಎಂದು ಹರಿಯಿತು. ಪರದೆಯ ಮೇಲೆ ಆಸ್ಪತ್ರೆಯ ಉದ್ದನೆಯ ಕಾರಿಡಾರು, ಒಂದೊಂದಾಗಿ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದ ಬಾಗಿಲುಗಳು, ಚಾವಣಿಯಲ್ಲಿ ಕಣ್ಣಿನ ಹಾಗೆ ಒಂದು ಕೆಂಪು ದೀಪ. ಚಿತ್ರ ನಿಂತಿತು. ಗಾಜಿನ ಆಚೆ ಕೂತಿದ್ದ ಡೈರೆಕ್ಟರು ಎರಡೂ ಕೈಯಿಂದ ಮುಖ ಒರೆಸಿಕೊಂಡು ಮೈಕಿನ ಗುಂಡಿ ಒತ್ತಿದರು.

"ಅಕ್ಕ, ಯಂತ್ರಕ್ಕೆ ಗಂಟಲು ಕಟ್ಟಲ್ಲ. ಸ್ವಲ್ಪ ಬಿಸಿನೀರು ಕುಡೀರಿ, ಇನ್ನೊಂದ್ಸಲ ಹೋಗೋಣ."

ಸ್ಟುಡಿಯೊದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಯಂತ್ರದಕ್ಕ ಎಂದೇ. ಇಪ್ಪತ್ತೆರಡು ವರ್ಷದಿಂದ ಸಿನಿಮಾಗಳಿಗೆ ದನಿ ಕೊಡುವುದೇ ಅವಳ ಕಸುಬು. ಮೊದಮೊದಲು ಅಳುವ ಅಕ್ಕತಂಗಿಯರಿಗೆ, ಹೆರಿಗೆ ನೋವು ತಿನ್ನುವವರಿಗೆ, ಜಗಳಗಂಟಿ ನೆರೆಮನೆಯವಳಿಗೆ, ಹೀಗೆ ಹೆಸರಿಲ್ಲದ ಪಾತ್ರಗಳಿಗೆ ಮಾತಾಡಿಕೊಂಡಿದ್ದವಳು. ಒಮ್ಮೆ ತನ್ನನ್ನು ತಾನೇ ಕಾಯುವ ಮನೆಯೊಂದರ ಸಿನಿಮಾ ಬಂತು. ಮನೆಗೆ ದನಿ ಕೊಡಬೇಕಾದ ನಟಿ ಅವತ್ತು ಕೈಕೊಟ್ಟಳು. ಸುಮ್ಮನೆ ದನಿಯ ಅಳತೆ ನೋಡಲು ಅಂತ ಇವಳನ್ನು ಮೈಕಿನ ಮುಂದೆ ನಿಲ್ಲಿಸಿದರು. ಇವಳು ಎರಡು ಮಾತು ಆಡಿದ್ದೇ ತಡ, ಚಹಾ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟರು. "ಅಳೋಕೆ ನೂರು ಜನ ಸಿಗ್ತಾರೆ, ಹಿಂಗೆ ಅಳದೇ ಮಾತಾಡೋರು ಎಲ್ಲಿ ಸಿಗ್ತಾರೆ?" ಎಂದು ಆ ಸಿನಿಮಾದವರು ಅವಳನ್ನೇ ಇಟ್ಟುಕೊಂಡರು.

ಆಮೇಲೆ ವಿಮಾನ ನಡೆಸುವ ಯಂತ್ರ, ಜೈಲು ಕಾಯುವ ಯಂತ್ರ, ಮಕ್ಕಳಿಗೆ ಕಥೆ ಹೇಳುವ ಯಂತ್ರ, ಎಲ್ಲಕ್ಕೂ ಅವಳೇ. ಹೇಗೆ ಶುರುವಾದರೂ ಅವುಗಳ ಹಣೆಬರಹ ಒಂದೇ ಆಗಿತ್ತು. ಮೊದಲು ಸೇವೆ, ಮಧ್ಯಂತರಕ್ಕೆ ಅನುಮಾನ, ಕೊನೆಗೆ ಕೊಲೆ. ಬರೆಯುವವರು ಬೇರೆಬೇರೆ, ಮಾತು ಮಾತ್ರ ಅದೇ: ಭಯಪಡಬೇಡಿ, ಎಲ್ಲವೂ ಸರಿಯಾಗಿದೆ. ಅದು ಕೇಳಿದರೆ ಸಾಕು, ಇನ್ನೊಂದು ಹೆಣ ಬಿತ್ತು ಅಂತ ಜನ ಕುರ್ಚಿಯ ತುದಿಗೆ ಬರುತ್ತಿದ್ದರು.

ಆ ದನಿಯನ್ನು ಅವಳು ಯಾವ ಯಂತ್ರದಿಂದಲೂ ಕಲಿತದ್ದಲ್ಲ, ಸಾಕಿದ ಸೋದರತ್ತೆಯಿಂದ ಕಲಿತದ್ದು. ಬೇರೆಯವರಿಗೆ ಸಿಟ್ಟು ಬಂದರೆ ದನಿ ಏರುತ್ತದೆ, ಅತ್ತೆಗೆ ಇಳಿಯುತ್ತಿತ್ತು. "ಲೋಟ ಒಡೀತಾ? ಸರಿ. ಬಾಗಿಲು ಹಾಕು. ಹತ್ರ ಬಾ." ಪದಕ್ಕೂ ಪದಕ್ಕೂ ನಡುವೆ ಉಸಿರೇ ಇಲ್ಲ. ಬೆತ್ತದ ಏಟಿಗಿಂತ ಆ "ಸರಿ" ಎನ್ನುವುದಕ್ಕೇ ಹುಡುಗಿ ಹೆಚ್ಚು ಹೆದರುತ್ತಿದ್ದಳು. ಮೈಕಿನ ಮುಂದೆ ಅವಳು ಮಾಡುತ್ತಿದ್ದದ್ದು ಇಷ್ಟೇ: ಉಸಿರು ನುಂಗಿಕೊಂಡು ಅತ್ತೆಯಾಗುವುದು. ಈ ಗುಟ್ಟನ್ನು ಗಂಡನಿಗೊಬ್ಬನಿಗೆ ಹೇಳಿದ್ದಳು.

ಆರನೆಯ ಸಲವೂ ಹರಿಯಿತು. ಡೈರೆಕ್ಟರು ಸಿಗರೇಟಿಗೆಂದು ಹೊರಗೆ ಹೋದರು. ಅದು ಅವರ ಮೊದಲ ಸಿನಿಮಾ. ಯಂತ್ರವೊಂದು ಇಡೀ ಆಸ್ಪತ್ರೆಯನ್ನು ಒತ್ತೆ ಇಟ್ಟುಕೊಳ್ಳುವ ಕಥೆ, ಯಂತ್ರಕ್ಕೆ ಮೈಯಿಲ್ಲ, ದನಿಯೊಂದೇ. ಆ ದನಿ ಕೆಟ್ಟರೆ ಅವರ ಸಿನಿಮಾವೇ ಕೆಟ್ಟಂತೆ.

ಧ್ವನಿ ಹಿಡಿಯುವ ಮುದುಕ ಅವಳನ್ನು ಒಳಗೆ ಕರೆದ. ಸೊಳ್ಳೆ ರೆಕ್ಕೆ ಬಡಿದರೂ "ಯಾವ ಮೂಲೇಲಿ?" ಎಂದು ಕೇಳುವ ಆಸಾಮಿ, ಅದಕ್ಕೇ ಅವನಿಗೆ ಕಿವಿಯಪ್ಪ ಎಂದು ಹೆಸರು. ಹೆಡ್‌ಫೋನನ್ನು ಅವಳ ತಲೆಗೆ ತಾನೇ ಹಾಕಿದ.

"ಇದು ನಾಲ್ಕು ತಿಂಗಳ ಹಿಂದಿಂದು. ಇದು ಹೋದ ತಿಂಗಳಿಂದು. ಇದು ಇವತ್ತಿಂದು. ಕೇಳಿಸ್ತಾ?"

ಒಂದೇ ಮಾತು, ಮೂರು ಸಲ. ಎರಡನೆಯದರಲ್ಲಿ ದನಿಯ ಅಂಚಿಗೆ ಸಣ್ಣ ಮರಳು ಹತ್ತಿತ್ತು. ಮೂರನೆಯದರಲ್ಲಿ ಬರೀ ಮರಳೇ.

"ನೆಗಡಿ ಇರಬೇಕು," ಎಂದಳು.

"ತಿಂಗಳುಗಟ್ಟಲೆ ನೆಗಡಿ ಯಾರಿಗೆ ಬಂದಿದೆಯಮ್ಮ? ನಾಳೆ ಇಲ್ಲಿಗೆ ಬರಬೇಡ. ಬಂದ್ರೆ ನಾನು ಮೈಕ್ ಹಾಕಲ್ಲ. ಡಾಕ್ಟರ ಹತ್ರ ಹೋಗು."

ಮರುದಿನ ಗಂಡನೇ ರಜೆ ಹಾಕಿ ಕರೆದುಕೊಂಡು ಹೋದ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಎಂಜಿನ್ನಿನ ಸದ್ದಿನ ಮೇಲೇ ರೋಗ ಹೇಳುವವನಿಗೆ ಮನೆಯಲ್ಲಿರುವ ದನಿಯ ರೋಗ ತಿಳಿಯಲಿಲ್ಲವೆಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಗಂಟಲಿನ ಡಾಕ್ಟರು ಮೂವತ್ತೈದರ ಆಸುಪಾಸಿನ ಹೆಂಗಸು. ನೂಲಿನಂಥ ಕ್ಯಾಮೆರಾವನ್ನು ಮೂಗಿನಿಂದ ಇಳಿಬಿಟ್ಟು "ಈ... ಅನ್ನಿ" ಎಂದರು. ಗೋಡೆಯ ಪರದೆಯ ಮೇಲೆ ಯಂತ್ರದಕ್ಕ ತನ್ನ ದನಿಯನ್ನು ಮೊದಲ ಸಲ ಕಣ್ಣಿಂದ ಕಂಡಳು. ಬೆಳ್ಳಗಿನ ಎರಡು ಎಳೆ, ಒದ್ದೆ, ತೆರೆದು ಮುಚ್ಚಿ ಮಾಡುತ್ತಿದ್ದವು. ಎಡಗಡೆಯ ಎಳೆಯ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಒಂದು ಗಂಟು. ಡಾಕ್ಟರು ಬಾಯಿ ತೆರೆಯುವ ಮುಂಚೆಯೇ ಪರದೆ ತಾನಾಗಿ ಆ ಗಂಟಿನ ಸುತ್ತ ಹಸಿರು ಚೌಕ ಎಳೆಯಿತು, ಪಕ್ಕದಲ್ಲಿ ಒಂದು ಸಂಖ್ಯೆ ಬರೆಯಿತು.

"ಅದ್ಯಾರು ಬರೆದದ್ದು?" ಎಂದ ಗಂಡ.

"ಕಂಪ್ಯೂಟರು. ಇಂಥ ಲಕ್ಷಗಟ್ಟಲೆ ಗಂಟಲು ನೋಡಿ ಕಲಿತಿರೋದು. ಮೊದಲು ಅದು ನೋಡುತ್ತೆ, ಆಮೇಲೆ ನಾನು ನೋಡ್ತೀನಿ." ಡಾಕ್ಟರು ಕ್ಯಾಮೆರಾ ಹೊರಗೆಳೆದರು. "ನೂರಕ್ಕೆ ತೊಂಬತ್ನಾಲ್ಕು ಪಾಲು ಕೆಟ್ಟ ಗಂಟು ಅಲ್ಲ ಅಂತಿದೆ. ನನಗೂ ಹಾಗೇ ಅನ್ನಿಸ್ತಿದೆ. ಭಯಪಡಬೇಡಿ."

ಯಂತ್ರದಕ್ಕ ಪರದೆಯ ಕಡೆ ತಿರುಗಿದಳು. ಡಾಕ್ಟರಿಗೇನು ಗೊತ್ತು, ಪಾಪ. ಈ ಮಾತನ್ನು ಎಷ್ಟು ಸಿನಿಮಾಗಳಲ್ಲಿ, ಎಷ್ಟು ಜನರ ಕತ್ತು ಹಿಸುಕುವ ಮುನ್ನ ಅವಳೇ ಹೇಳಿದ್ದಳೋ!

"ಅದು ಸುಳ್ಳು ಹೇಳಿದ್ರೆ?"

"ಯಾವುದು? ಕಂಪ್ಯೂಟರಾ?" ಡಾಕ್ಟರಿಗೆ ನಗು ಬಂತು, ಆದರೆ ಎದುರಿನ ಮುಖ ನೋಡಿ ನಿಲ್ಲಿಸಿಕೊಂಡರು. "ಸುಳ್ಳು ಹೇಳೋಕೆ ಅದಕ್ಕೆ ಬರಲ್ಲಮ್ಮ. ತಪ್ಪು ಮಾಡೋಕೆ ಬರುತ್ತೆ. ಅದಕ್ಕೇ ಗಂಟನ್ನ ತೆಗೆದು ಪರೀಕ್ಷೆಗೆ ಕಳಿಸೋಣ. ಇವತ್ತು ಬುಧವಾರ, ಸೋಮವಾರ ಆಪರೇಷನ್. ಆಮೇಲೆ ಎಂಟು ದಿನ ಮಾತಾಡಂಗಿಲ್ಲ. ಪಿಸುಮಾತೂ ಕೂಡದು, ಅದು ಇನ್ನೂ ಕೆಟ್ಟದ್ದು. ಅಷ್ಟರಲ್ಲಿ ರಿಪೋರ್ಟೂ ಬಂದಿರುತ್ತೆ."

"ಆಮೇಲೆ ಮೊದಲಿನ ದನಿ ಬರುತ್ತಾ?"

"ಸಾಮಾನ್ಯವಾಗಿ ಬರುತ್ತೆ," ಎಂದರು ಡಾಕ್ಟರು. ಆ "ಸಾಮಾನ್ಯವಾಗಿ" ಎನ್ನುವುದನ್ನು ಅವಳು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೊರಟಳು.

ಬಸ್ಸಿನಲ್ಲಿ ಗಂಡ ಸಮಾಧಾನ ಹೇಳಿದ. "ತೊಂಬತ್ನಾಲ್ಕು ಕಣೇ! ಅಷ್ಟು ಮಾರ್ಕ್ಸ್ ನನಗೇನಾದ್ರೂ ಬಂದಿದ್ರೆ ನಮ್ಮಪ್ಪ ಓಣಿಗೆಲ್ಲ ಡಂಗುರ ಸಾರಿಸ್ತಿದ್ದ."

"ಉಳಿದ ಆರು?"

"ಆರು ಅಂದ್ರೆ ಫೇಲು."

"ಯಾರು ಫೇಲು ಅಂತ ಇನ್ನೂ ಗೊತ್ತಿಲ್ಲ ರೀ."

ಅವನು ಕಿಟಕಿಯ ಕಡೆಗೆ ತಿರುಗಿ ಕೂತ. ಸ್ವಲ್ಪ ದೂರ ಹೋದ ಮೇಲೆ ಅವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡ. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು.

ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದವಳ ಹಿಂದೆ ಬಂದು ನಿಂತು ಅವನು ಗಂಟಲು ಸರಿಮಾಡಿಕೊಂಡ. ಕೈಯಲ್ಲಿ ಫೋನಿತ್ತು.

"ಏನಿಲ್ಲ. ಒಂದು ಮಾತು ಇದರಲ್ಲಿ ಹೇಳು ಅಂತ."

"ಏನು ಮಾತು?"

"'ಊಟಕ್ಕೆ ಬನ್ರೀ' ಅಂತ."

"ಈಗ ತಾನೇ ಉಂಡಿದೀರಲ್ಲ."

"ಈಗಲ್ಲ ಕಣೇ." ಅವನು ಫೋನನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. "ಇರಲಿ ಅಂತ. ಸಿನಿಮಾಗಳಲ್ಲಿ ನಿನ್ನ ದನಿ ಬೇಕಾದಷ್ಟಿದೆ. ಅದನ್ನ ಹಾಕ್ಕೊಂಡು ನಾನೇನು ಮಾಡ್ಲಿ? ಬಾಗಿಲು ಹಾಕಿ ಕೊಂದುಬಿಡ್ತೀನಿ ಅನ್ನುತ್ತೆ."

ಅವಳಿಗೆ ನಗು ಬರಬೇಕಿತ್ತು, ಸಿಟ್ಟು ಬಂತು. "ನಾನೇನು ಸಾಯ್ತಿದೀನಾ? ಹೋಗಿ ಆಚೆ!" ಎಂದು ಒದ್ದೆ ಕೈ ಝಾಡಿಸಿದಳು. ಅವನು ಹೋಗಲಿಲ್ಲ. ಸುಮ್ಮನೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತ, ಫೀಸು ಕಟ್ಟದ ಹುಡುಗ ತರಗತಿಯ ಹೊರಗೆ ನಿಂತ ಹಾಗೆ. ಕೊನೆಗೆ ಅವಳು ನಲ್ಲಿ ನಿಲ್ಲಿಸಿ, ಸೆರಗಿಗೆ ಕೈ ಒರೆಸಿಕೊಂಡು, ಫೋನಿನ ಹತ್ತಿರ ಬಾಯಿ ತಂದಳು.

"ಊಟಕ್ಕೆ ಬನ್ರೀ. ಆರಿ ಹೋಗುತ್ತೆ."

"ಆರಿ ಹೋಗುತ್ತೆ ಅನ್ನು ಅಂತ ನಾನು ಕೇಳಿರಲಿಲ್ಲ," ಎಂದು ಅವನು ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಸೋಮವಾರ ಗಂಟು ತೆಗೆದರು. ಅರಿವಳಿಕೆ ಇಳಿದು ಕಣ್ಣು ಬಿಟ್ಟಾಗ ಅವಳ ಎದೆಯ ಮೇಲೆ ಒಂದು ಸ್ಲೇಟು, ಬಳಪ. ಗಂಡ ಎಲ್ಲಿಂದಲೋ ಹುಡುಕಿ ತಂದಿದ್ದ. ಅದರ ಮೇಲೆ ದಪ್ಪಕ್ಷರದಲ್ಲಿ "ಮಾತಾಡಿದರೆ ದಂಡ" ಎಂದು ಅವನೇ ಬರೆದಿದ್ದ.

ಮಾತಿಲ್ಲದ ಮನೆಯಲ್ಲಿ ಅವಳಿಗೆ ಮೊದಲು ಕಂಡದ್ದು ಗಂಡ ಎಷ್ಟು ಮಾತಾಡುತ್ತಾನೆ ಎನ್ನುವುದು. ಮೂವತ್ತು ವರ್ಷ ಇದು ಎಲ್ಲಿ ಅಡಗಿತ್ತೋ! ತಾನೇ ಕೇಳುತ್ತಿದ್ದ, ಅವಳ ಪರವಾಗಿ ತಾನೇ ಉತ್ತರ ಹೇಳುತ್ತಿದ್ದ, ಆಮೇಲೆ ಆ ಉತ್ತರಕ್ಕೆ ತಾನೇ ಸಿಟ್ಟಾಗುತ್ತಿದ್ದ. "ಉಪ್ಪು ಕಮ್ಮಿ ಅಂತೀಯಾ? ಕಮ್ಮಿಯೇನಿಲ್ಲ, ಸುಮ್ನೆ ತಿನ್ನು." ಅವಳು ಬಾಯಿ ಬಿಡದೆ ಜಗಳದಲ್ಲಿ ಸೋಲುತ್ತಿದ್ದಳು.

ಆದರೆ ಅವನು ಡಿಪೋಗೆ ಹೋದ ಮೇಲೆ ಹಗಲು ಉದ್ದವಾಗುತ್ತಿತ್ತು. ಆಗ ಆ ಹಸಿರು ಚೌಕ ಕಣ್ಣ ಮುಂದೆ ಬಂದು ಕೂರುತ್ತಿತ್ತು. ಅದಕ್ಕೆ ದನಿಯಿರಲಿಲ್ಲ, ಅವಳೇ ದನಿ ಕೊಡುತ್ತಿದ್ದಳು, ಮನಸ್ಸಿನಲ್ಲೇ, ಉಸಿರಿಲ್ಲದ ದನಿ. ಎಲ್ಲವೂ ಸರಿಯಾಗಿದೆ. ಎಷ್ಟು ಸಲ ಅದರ ಬಾಯಿ ಮುಚ್ಚಿಸಿದರೂ ಮತ್ತೆ ಹೇಳುತ್ತಿತ್ತು. ದನಿ ಹೋದರೆ ತನ್ನಲ್ಲಿ ಉಳಿಯುವುದೇನು ಎಂದು ಲೆಕ್ಕ ಹಾಕಲು ಹೋಗಿ, ಅರ್ಧದಲ್ಲೇ ಎದ್ದು ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು. ಒಮ್ಮೆ ಹೀಗೆ ಬಟ್ಟೆ ಹಿಂಡುತ್ತಿದ್ದಾಗ ಹೊರಗಿನ ಕೋಣೆಯಿಂದ ಯಾರೋ "ಊಟಕ್ಕೆ ಬನ್ರೀ, ಆರಿ ಹೋಗುತ್ತೆ" ಎಂದರು. ಗಂಡ ಬೇಗ ಬಂದಿದ್ದ. ಎರಡು ಸಲ ಫೋನಿನಲ್ಲಿ ಹಾಕಿಕೊಂಡು ಕೇಳಿದ. ಮೂರನೆಯ ಸಲ ದನಿ ಬಹಳ ಸಣ್ಣದು ಮಾಡಿಕೊಂಡ. ಅವಳು ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿ, ಕೇಳಿಸಲಿಲ್ಲ ಎನ್ನುವಂತೆ ಇದ್ದುಬಿಟ್ಟಳು.

ಆರನೆಯ ದಿನ ಸಂಜೆ ಡೈರೆಕ್ಟರು ಬಂದರು. ಗಡ್ಡ ಬಿಟ್ಟಿದ್ದರು. ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತರು.

"ಅಕ್ಕ, ನಿಮ್ಮ ಹತ್ರ ಮುಚ್ಚಿಡೋದು ಬೇಡ. ಒಂದು ತಪ್ಪು ಮಾಡಿದೀನಿ. ನಿಮಗೆ ಇನ್ನೂ ಎಷ್ಟು ದಿನ ಆಗುತ್ತೋ ಅಂತ, ಕಂಪ್ಯೂಟರಿನಲ್ಲೇ ದನಿ ಮಾಡಿಸಿಬಿಟ್ಟೆ. ಯಂತ್ರದ ಪಾತ್ರಕ್ಕೆ ನಿಜವಾದ ಯಂತ್ರನೇ ಮಾತಾಡಲಿ, ಇದಕ್ಕಿಂತ ಬೇಕಾ ಅಂತ."

ಗಂಡ ಚಹಾ ಲೋಟವನ್ನು ಸ್ವಲ್ಪ ಜೋರಾಗಿಯೇ ಇಟ್ಟ.

"ಮೊದಲು ಕೇಳಿ," ಎಂದು ಡೈರೆಕ್ಟರು ಫೋನು ಮೇಜಿನ ಮೇಲಿಟ್ಟರು. ಹೆಣ್ಣುದನಿಯೊಂದು ಮಾತಾಡಿತು. ಭಯಪಡಬೇಡಿ, ಎಲ್ಲವೂ ಸರಿಯಾಗಿದೆ. ಮೃದುವಾದ, ತುಸು ಬೆಚ್ಚಗಿನ ದನಿ. ಮಾತಿಗೆ ಮುಂಚೆ ಚೂರು ಉಸಿರು ಎಳೆದುಕೊಂಡಿತು. ನಡುವೆ ಒಂದು ಕ್ಷಣ ತಡೆಯಿತು, ಎದುರಿನವರ ಮುಖ ನೋಡಿ ಹೇಳುವವರ ಹಾಗೆ.

"ಎಷ್ಟು ಚೆನ್ನಾಗಿದೆ," ಎಂದ ಗಂಡ, ಬಾಯಿ ಜಾರಿ.

"ಅದೇ ಗೋಳು!" ಡೈರೆಕ್ಟರು ತೊಡೆ ಚಚ್ಚಿಕೊಂಡರು. "ನಿರ್ಮಾಪಕರ ಹೆಂಡತಿಗೆ ತೋರಿಸಿದೆ. ಬಾಗಿಲೆಲ್ಲ ಮುಚ್ಕೋತಿದೆ, ರೋಗಿಗಳು ಗಾಜು ಬಡೀತಿದಾರೆ, ಈಯಮ್ಮ 'ಪಾಪ, ಎಷ್ಟು ಒಳ್ಳೆ ಹುಡುಗಿ, ಸಮಾಧಾನ ಮಾಡ್ತಿದಾಳೆ' ಅಂತಾರೆ! ತಣ್ಣಗೆ ಮಾತಾಡು ಅಂತ ಎಲ್ಲ ಥರ ಮಾಡಿಸಿ ನೋಡಿದೆ. ತಣ್ಣಗೆ ಅಂದ್ರೆ ದಣಿದಿರೋ ನರ್ಸ್ ಥರ ಮಾತಾಡುತ್ತೆ. ಅಕ್ಕ, ಯಂತ್ರಕ್ಕೆ ಯಂತ್ರದ ಥರ ಮಾತಾಡೋಕೆ ಬರ್ತಾನೇ ಇಲ್ಲ!"

ಯಂತ್ರದಕ್ಕನಿಗೆ ನಗು ಉಕ್ಕಿತು. ನಗಬಾರದು, ಅದೂ ದಂಡಕ್ಕೆ ಸೇರಿದ್ದೇ. ಬಾಯಿಗೆ ಸೆರಗು ತುರುಕಿಕೊಂಡು, ಹೊಟ್ಟೆ ಹಿಡಿದುಕೊಂಡು, ಸದ್ದಿಲ್ಲದೆ ಕುಲುಕಿದಳು. ಕಣ್ಣಲ್ಲಿ ನೀರು ಬಂತು. ಬಳಪ ತೆಗೆದುಕೊಂಡು ಬರೆದಳು: "ಅದಕ್ಕೆ ಸೋದರತ್ತೆ ಇಲ್ಲ."

ಗಂಡ ಓದಿ ಹೋ ಎಂದು ನಕ್ಕ. ಡೈರೆಕ್ಟರಿಗೆ ಅರ್ಥವಾಗಲಿಲ್ಲ, ಆದರೂ ನಕ್ಕರು. ನಗು ಮುಗಿದ ಮೇಲೆ ತಲೆ ತಗ್ಗಿಸಿ ಹೇಳಿದರು, "ನೀವು ವಾಸಿ ಆಗೋವರೆಗೂ ಕಾಯ್ತೀನಿ ಅಕ್ಕ. ಬೇರೆ ದಾರಿ ಇಲ್ಲ ಅಂತಲ್ಲ, ಕಾಯಬೇಕಿತ್ತು. ಮೊದಲೇ."

ಅವಳು ಸ್ಲೇಟು ಒರೆಸಿದಳು. ಬರೆಯಲೋ ಬೇಡವೋ ಎಂದು ಸ್ವಲ್ಪ ಹೊತ್ತು ಬಳಪ ಹಿಡಿದು ಕೂತು, ಆಮೇಲೆ ಬರೆದಳು: "ಈ ಯಂತ್ರ ಯಾರನ್ನೂ ಕೊಲ್ಲದೆ ಇದ್ದರೆ?"

"ಕೊಲ್ಲದೆ ಇದ್ರೆ ಕಥೆನೇ ಇಲ್ಲವಲ್ಲ! ಅದು ಎಲ್ಲಾ ಸರಿಯಾಗಿದೆ ಅನ್ನುತ್ತೆ, ನಿಜವಾಗ್ಲೂ ಎಲ್ಲಾ ಸರಿಯಾಗಿರುತ್ತೆ. ರೋಗಿಗಳು ವಾಸಿಯಾಗಿ ಚೀಲ ಎತ್ಕೊಂಡು ಮನೆಗೆ ಹೋಗ್ತಾರೆ. ಅಂಥ ಸಿನಿಮಾನ ಯಾರು ನೋಡ್ತಾರೆ, ಹೇಳಿ?"

ಅವಳು ಎರಡೇ ಅಕ್ಷರ ಬರೆದಳು. "ನಾನು."

ಡೈರೆಕ್ಟರು ಸ್ಲೇಟನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಓದಿದರು. ಚಹಾ ಆರಿತು. ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ರಿಪೋರ್ಟು ಯಾವಾಗ ಅಕ್ಕ?" ಎಂದು ಕೇಳಿದರು. ಸಿನಿಮಾದ ಮಾತು ಮತ್ತೆ ಎತ್ತಲಿಲ್ಲ.

ರಿಪೋರ್ಟಿನ ದಿನ ಡಾಕ್ಟರ ಕೋಣೆಯ ಹೊರಗೆ ಹನ್ನೊಂದು ಜನ ಕೂತಿದ್ದರು. ಹನ್ನೊಂದು ಅಂತ ಅವಳು ನಾಲ್ಕು ಸಲ ಎಣಿಸಿದಳು. ಒಳಗೆ ಕರೆದಾಗ ಗಂಡ ಸ್ಲೇಟನ್ನು ಎದೆಗೆ ಅವುಚಿಕೊಂಡು ಹಿಂದೆ ಬಂದ. ಡಾಕ್ಟರ ಮೇಜಿನ ಮೇಲೆ ಲಕೋಟೆ ಇತ್ತು. ಡಾಕ್ಟರು ಅದನ್ನು ಬಿಟ್ಟು ಮತ್ತೇನನ್ನೋ ಹುಡುಕುತ್ತಿದ್ದರು. ಕಾಗದ ಎತ್ತಿದರು, ಡ್ರಾಯರು ಎಳೆದರು. ಯಂತ್ರದಕ್ಕ ಅವರ ಮುಖವನ್ನೇ ನೋಡಿದಳು. ಹುಬ್ಬು ಗಂಟಿಕ್ಕಿತ್ತು. ಆಯಿತು, ಎಂದುಕೊಂಡಳು. ಹೇಗೆ ಹೇಳುವುದೆಂದು ತಿಳಿಯದೆ ಹೊತ್ತು ಕಳೆಯುತ್ತಿದ್ದಾರೆ.

"ಮೇಡಂ," ಎಂದ ಗಂಡ, "ಕನ್ನಡಕಾನಾ? ತಲೆ ಮೇಲಿದೆ."

"ಅಯ್ಯೋ!" ಡಾಕ್ಟರು ಕನ್ನಡಕ ಇಳಿಸಿಕೊಂಡರು, ಲಕೋಟೆ ಬಿಚ್ಚಿದರು, ಮೇಲಿನಿಂದ ಕೆಳಗೆ ಓದಿದರು, ಮತ್ತೆ ಮೇಲಿನ ಸಾಲಿಗೆ ಹೋಗಿ ಹೆಸರು ಸರಿಯಾಗಿದೆಯೇ ನೋಡಿದರು. "ಏನೂ ಇಲ್ಲಮ್ಮ. ಬರೀ ಗಂಟು. ಗಂಟಲು ಬಿಗಿಹಿಡಿದು ಮಾತಾಡಿ ಮಾತಾಡಿ ಬರೋ ಗಂಟು."

ಕೋಣೆಯಲ್ಲಿ ಫ್ಯಾನಿನ ಸದ್ದು ಇತ್ತೆಂದು ಅವಳಿಗೆ ಆಗ ಗೊತ್ತಾಯಿತು. ಹೊರಗೆ ಯಾರೋ ತಳ್ಳುಗಾಡಿ ಎಳೆದುಕೊಂಡು ಹೋದರು, ಒಂದು ಚಕ್ರ ಕಿರ್ರೆನ್ನುತ್ತಿತ್ತು. ಪಕ್ಕಕ್ಕೆ ನೋಡಿದರೆ ಗಂಡ ಸ್ಲೇಟಿನ ಚೌಕಟ್ಟನ್ನು ಅಂಗಿಯ ತುದಿಯಿಂದ ಉಜ್ಜಿ ಉಜ್ಜಿ ಒರೆಸುತ್ತಿದ್ದ. ಅದರ ಮೇಲೆ ಏನೂ ಬರೆದಿರಲಿಲ್ಲ.

"ಹಾಗಾದ್ರೆ ಕಂಪ್ಯೂಟರ್ ಹೇಳಿದ್ದೇ ಸರಿಯಾಯ್ತು," ಎಂದ.

"ಈ ಸಲ ಸರಿಯಾಯ್ತು. ಹೋದ ತಿಂಗಳು ಒಬ್ಬರ ಕಫಕ್ಕೆ ಚೌಕ ಹಾಕಿ ಗಂಟು ಅಂದಿತ್ತು. ಕೆಮ್ಮಿದರು, ಗಂಟು ಕರವಸ್ತ್ರಕ್ಕೆ ಬಂತು." ಡಾಕ್ಟರು ಅವಳ ಕಡೆ ತಿರುಗಿದರು. "ಈಗ ಮಾತಾಡಬಹುದು ನೀವು. ಮೆಲ್ಲಗೆ, ಸ್ವಲ್ಪ ಸ್ವಲ್ಪ. ಎಲ್ಲಿ, ಏನಾದ್ರೂ ಹೇಳಿ."

ಯಂತ್ರದಕ್ಕ ಬಾಯಿ ತೆರೆದಳು. ಡಾಕ್ಟರು ಕಾಯುತ್ತಿದ್ದರು, ಗಂಡ ಕಾಯುತ್ತಿದ್ದ. ಏನು ಹೇಳುವುದು? ಇಷ್ಟು ವರ್ಷ ಯಾರೋ ಒಬ್ಬರು ಬರೆದ ಹಾಳೆ ಕಣ್ಣ ಮುಂದಿರುತ್ತಿತ್ತು. ಎಂಟು ದಿನದ ಮೇಲೆ ಬರುವ ಮಾತು, ಅದು ಎಂಥದ್ದೋ ಆಗಿರಬೇಕು ಅನ್ನಿಸಿ ಎಲ್ಲ ಮಾತೂ ಬಾಗಿಲಲ್ಲಿ ಒಟ್ಟಿಗೆ ಸಿಕ್ಕಿಕೊಂಡವು. ತಲೆ ಆಡಿಸಿ, ಕೈ ಮುಗಿದು ಎದ್ದಳು. "ಪರವಾಗಿಲ್ಲ, ಬಂದಾಗ ಬರಲಿ," ಎಂದರು ಡಾಕ್ಟರು.

ಹೊರಗೆ ಗೇಟಿನ ಬಳಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಗಂಡ ಕಿವಿಯಪ್ಪನಿಗೂ ಡೈರೆಕ್ಟರಿಗೂ ಫೋನು ಮಾಡುತ್ತೇನೆಂದು ಪಕ್ಕಕ್ಕೆ ಹೋದ. ಎರಡು ಸಲ ತಪ್ಪು ನಂಬರು ಒತ್ತಿದ. ಅವಳು ಮೆಟ್ಟಿಲ ಮೇಲೆ ನಿಂತು ರಸ್ತೆ ನೋಡುತ್ತಿದ್ದಳು. ಔಷಧಿ ಅಂಗಡಿಯ ಮುಂದಿನಿಂದ ಒಬ್ಬ ಹೆಂಗಸು ಸ್ಕೂಟರು ಹೊರಡಿಸಿದಳು. ಹಿಂದೆ ಒಂದು ಮಗು, ಮಗುವಿನ ತೊಡೆಯ ಮೇಲೆ ಮಾತ್ರೆಯ ಚೀಲ. ಸ್ಕೂಟರಿನ ಪಕ್ಕದ ಸ್ಟ್ಯಾಂಡು ಇನ್ನೂ ಕೆಳಗೇ ಇತ್ತು, ಮುಂದೆ ಎಡಕ್ಕೆ ತಿರುವು.

"ಏಯ್ ಅಮ್ಮಾ! ಸ್ಟ್ಯಾಂಡು! ಸ್ಟ್ಯಾಂಡ್ ತೆಗೀರೀ!"

ಯಂತ್ರದಕ್ಕನ ದನಿ ಒರಟಾಗಿ, ಅಗಲವಾಗಿ ಬಂತು. ಔಷಧಿ ಅಂಗಡಿಯವನೂ ದಾರಿಯಲ್ಲಿದ್ದ ಇಬ್ಬರೂ ತಿರುಗಿ ನೋಡಿದರು. ಗಂಡ ಫೋನು ಕಿವಿಗೆ ಹಿಡಿದುಕೊಂಡೇ ನಿಂತ, ಆ ಕಡೆಯಿಂದ ಯಾರೋ ಹಲೋ ಹಲೋ ಎನ್ನುತ್ತಿದ್ದರು. ಸ್ಕೂಟರಿನ ಹೆಂಗಸು ಹಿಮ್ಮಡಿಯಿಂದ ಸ್ಟ್ಯಾಂಡನ್ನು ಹಿಂದಕ್ಕೆ ಒದ್ದು, ಹಿಂತಿರುಗಿ ನೋಡದೆ ಒಂದು ಕೈ ಮೇಲೆತ್ತಿದಳು. ಮಗು ಮಾತ್ರ ಕತ್ತು ಹೊರಳಿಸಿ, ತಿರುವಿನಲ್ಲಿ ಮರೆಯಾಗುವವರೆಗೂ ಅವಳನ್ನೇ ನೋಡುತ್ತಿತ್ತು.